ಒಲೆಯ ಮೇಲೆ ಪಾತ್ರೆ ಇಡುವ ಕೈ

ಅಫೀಫಾ, ನೀನು ಬರೆದು ಕೇಳಿದ್ದಕ್ಕೆ ನಾನು ಬರೆದು ಉತ್ತರ ಕೊಡುವುದಿಲ್ಲ. ಈ ಫೋನಿನ ಅಕ್ಷರ ನನಗೆ ಕಾಣುವುದಿಲ್ಲ, ಕಂಡರೂ ಬೆರಳು ಪಕ್ಕದ ಅಕ್ಷರಕ್ಕೆ ಹೋಗುತ್ತದೆ. ಅದಕ್ಕೆ ಬಾಯಲ್ಲೇ ಹೇಳಿ ರೆಕಾರ್ಡು ಮಾಡಿ ಕಳಿಸುತ್ತೇನೆ. ತುಂಡು ತುಂಡಾಗಿ ಬರುತ್ತದೆ, ಮಗುವನ್ನು ಮಲಗಿಸಿ ಒಂದೊಂದೇ ಕೇಳು. ಇಲ್ಲಿ ಮನಾಮಾದ ಸೆಗಯಾದಲ್ಲಿ ನೀವು ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದಾಗ ನೀನು ಅರ್ಧ ಬೆಳೆದದ್ದು ನನ್ನ ಅಡುಗೆಮನೆಯಲ್ಲಿ, ಆದ್ದರಿಂದ ನಿನ್ನ ಹತ್ತಿರ ಮುಚ್ಚುಮರೆ ಇಲ್ಲ. ನನ್ನನ್ನು, ನಿನ್ನ ಅಪೊಲಿನ್ ಆಂಟಿಯನ್ನು, ಆ ಯಹೂದಿ ಶಾಲೆಯವರು ಕೆಲಸದಿಂದ ತೆಗೆದರು ಅಂತ ಊರಿನಲ್ಲಿ ಯಾರೋ ನಿನಗೆ ಹೇಳಿದ್ದಾರಂತೆ. ಸುಳ್ಳು. ತೆಗೆಯಲು ಅಲ್ಲಿ ಯಾರೂ ಉಳಿದಿರಲಿಲ್ಲ.

ನೀನು ಆ ಶಾಲೆಯ ಒಳಗೆ ಬಂದವಳಲ್ಲ, ಹಾಗಾಗಿ ಮೊದಲಿಂದ ಹೇಳಬೇಕು. ಶಾಲೆ ಅಂದರೆ ದೊಡ್ಡ ಗೇಟು, ಬಸ್ಸುಗಳ ಸಾಲು ಅಂತ ನೆನೆಸಬೇಡ. ಮನಾಮಾದ ಹಳೇ ಸೂಕ್ ಪೇಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಮನೆ. ಕೆಳಗೆ ಅಡುಗೆಮನೆ ಮತ್ತು ಉದ್ದದ ಊಟದ ಕೋಣೆ, ಅದರ ಮೇಲೆ ಎರಡು ಕ್ಲಾಸು, ಅದಕ್ಕೂ ಮೇಲೆ ಸಬೀಹಾ ಟೀಚರ್ ಇರುವ ಕೋಣೆಗಳು, ಕೊನೆಗೆ ತಾರಸಿ. ಮನೆ ಟೀಚರ ಅಜ್ಜನದು. ಅವರು ಬಗ್ದಾದಿನಿಂದ ಬಟ್ಟೆ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು. ಈ ದೇಶದಲ್ಲಿ ಅವರ ಜನ ಎಷ್ಟು ಕಡಿಮೆ ಅಂದರೆ, ಎಲ್ಲರನ್ನೂ ಕರೆದು ಕೂರಿಸಿದರೆ ನಮ್ಮ ಚರ್ಚಿನ ಮುಂದಿನ ನಾಲ್ಕು ಬೆಂಚು ಸಾಕು. ಟೀಚರ್ ಮದುವೆಯಾದವರಲ್ಲ. ಜೀವಮಾನ ಇಡೀ ಬೇರೆಯವರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ ಕಲಿಸಿ ರಿಟೈರಾಗಿ ಕೂತಿದ್ದರು. ಆಮೇಲೆ ಬ್ಯಾಂಕು, ಕಂಪನಿ ಅಂತ ಹೊರದೇಶದ ಯಹೂದಿ ಕುಟುಂಬಗಳು ಮಕ್ಕಳ ಸಮೇತ ಬಂದವು. ನಮ್ಮ ಮಕ್ಕಳಿಗೆ ನಮ್ಮದೊಂದು ಶಾಲೆ ಬೇಕಿತ್ತಲ್ಲ ಅಂತ ಅವರು ಇವರನ್ನು ಹಿಡಿದರು. ಟೀಚರ್ ಕೆಳಗಿನ ಬಾಗಿಲು ತೆಗೆದರು. ಅಡುಗೆಗೆ ನಾನು. ವ್ಯಾನು ಓಡಿಸಲು ನನ್ನ ತಂಗಿಯ ಮಗ ಕೆನೆತ್. ಅವನನ್ನು ನೀನು ಬಲ್ಲೆ, ಮೆಟ್ಟಿಲಿನಲ್ಲಿ ಶಿಳ್ಳೆ ಹೊಡೆಯುತ್ತಾ ಇಳಿಯುವವನು. ತುಂಬಿದ ಕಾಲದಲ್ಲಿ ಅಲ್ಲಿ ಹನ್ನೊಂದು ಮಕ್ಕಳಿದ್ದರು. ಅಷ್ಟೇ.

ಆ ಹನ್ನೊಂದು ಮಕ್ಕಳ ಗಲಾಟೆ ಮಾತ್ರ ನೂರು ಮಕ್ಕಳದು. ಟೀಚರಿಗೆ ಪುಸ್ತಕ ಅಂದರೆ ಕೊನೆಗೆ ತೆಗೆಯುವ ವಸ್ತು. ಮೊದಲು ಕೈ. ಭಾಗಾಕಾರ ಬೇಕಾದರೆ ಖರ್ಜೂರದ ಬುಟ್ಟಿ ತರಿಸಿ ಹಂಚಿಸುತ್ತಿದ್ದರು. ವಿಜ್ಞಾನಕ್ಕೆ ಸಮುದ್ರದ ನೀರನ್ನು ತಟ್ಟೆಯಲ್ಲಿ ಹಾಕಿ ತಾರಸಿಯಲ್ಲಿ ಒಣಗಿಸಿ, ಉಳಿದ ಉಪ್ಪನ್ನು ಸೌತೆಕಾಯಿಗೆ ಹಚ್ಚಿ ತಿನ್ನಿಸುತ್ತಿದ್ದರು. ಅವರ ಭಾಷೆಯ ಅಕ್ಷರಗಳನ್ನು ಹಿಟ್ಟಿನಲ್ಲಿ ಮಾಡಿ ಬೇಯಿಸುವುದು, ಸರಿಯಾಗಿ ಮಾಡಿದವನಿಗೆ ಜೇನು, ತಪ್ಪು ಮಾಡಿದವನಿಗೆ ಬರೀ ಅಕ್ಷರ. ಗುರುವಾರ ಬ್ರೆಡ್ಡಿನ ದಿನ. ಹಿಟ್ಟು ನಾದಿ, ಅದರಲ್ಲೊಂದು ಚೂರು ಕಿತ್ತು ದೇವರ ಪಾಲು ಅಂತ ಬೆಂಕಿಗೆ ಹಾಕಿ, ಉಳಿದದ್ದನ್ನು ಜಡೆ ಹೆಣೆಯುವುದು. ಸಂಜೆ ತಂದೆತಾಯಿಗಳು ಬಂದರೆ ಊಟದ ಕೋಣೆ ಮದುವೆಮನೆ. ಮಳೆಗಾಲವೇ ಇಲ್ಲದ ಈ ಊರಿನಲ್ಲಿ ತಾರಸಿಯ ಮೇಲೆ ಖರ್ಜೂರದ ಗರಿಯ ಚಪ್ಪರ ಕಟ್ಟಿ ವಾರವಿಡೀ ಅದರೊಳಗೆ ಉಣ್ಣುವ ಒಂದು ಹಬ್ಬವೂ ಇತ್ತು. ಒಳಗೆ ಕೂತರೆ ನಕ್ಷತ್ರ ಕಾಣಬೇಕಂತೆ, ಅದಕ್ಕೆ ಮಾಡಿನಲ್ಲಿ ಬೇಕೆಂದೇ ಸಂದು ಬಿಟ್ಟದ್ದು. ನಮ್ಮಲ್ಲಿ ಹೀಗೆ ಮಡಲು ಹೊದೆಸಿದವನಿಗೆ ಕೂಲಿ ಕೊಡುವುದಿಲ್ಲ ಟೀಚರ್ ಅಂತ ನಾನು ಹೇಳಿದ್ದೆ. ಅವರು ಏಣಿ ಹಿಡಿದುಕೊಂಡೇ ನಕ್ಕಿದ್ದರು.

ಈಗ ಪಾತ್ರೆಯ ವಿಷಯ. ಇದು ನಿನಗೆ ಸರಿಯಾಗಿ ಅರ್ಥವಾಗಬೇಕು, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ನಾನು ಆ ಅಡುಗೆಮನೆಯಲ್ಲಿ ಎಲ್ಲ ಮಾಡಬಹುದಿತ್ತು. ತೊಳೆಯುವುದು, ಹೆಚ್ಚುವುದು, ಅರೆಯುವುದು, ಉಪ್ಪುಖಾರ ನೋಡುವುದು, ಎಲ್ಲ. ಒಂದು ಮಾತ್ರ ಕೂಡದು. ಪಾತ್ರೆಯನ್ನು ಬೆಂಕಿಯ ಮೇಲೆ ಇಡುವ ಕೈ ಅವರದ್ದೇ ಜನರದ್ದಾಗಿರಬೇಕು. ಅದರಲ್ಲೂ ಎರಡು ಪಂಗಡ. ಅಮೆರಿಕದ ಕಡೆಯಿಂದ ಬಂದ ಕುಟುಂಬಗಳಿಗೆ ಅವರಲ್ಲೊಬ್ಬರು ಬೆಂಕಿ ಹಚ್ಚಿದರೆ ಸಾಕು, ಪಾತ್ರೆ ಯಾರಿಟ್ಟರೂ ನಡೆಯುತ್ತದೆ. ಬಗ್ದಾದಿನ ಮನೆತನದ ಟೀಚರಿಗೆ ಅದು ಸಾಲದು. ಬೆಂಕಿ ಹಚ್ಚಿದ ಮೇಲೆ ಪಾತ್ರೆಯನ್ನೂ ಅವರವರೇ ಇಡಬೇಕು. ಜಗಳ ಬೇಡ ಅಂತ ಟೀಚರ್ ಎರಡನ್ನೂ ಮಕ್ಕಳ ಕೈಗೆ ಕೊಟ್ಟರು. ದಿನಾ ಬೆಳಿಗ್ಗೆ ಒಂದು ಮಗು ಗ್ಯಾಸ್ ಹಚ್ಚುವುದು, ಇನ್ನೊಂದು ಪಾತ್ರೆ ಇಡುವುದು. ಅದೂ ಪಾಠ. ಪಾತ್ರೆ ಇಡುವ ಸರದಿಗಾಗಿ ಮಕ್ಕಳು ಕೂದಲು ಹಿಡಿದು ಜಗಳಾಡುತ್ತಿದ್ದರು. ಸರದಿ ಬಂದವರು ಪಾದ್ರಿ ಬಲಿಪೂಜೆಗೆ ನಿಂತ ಹಾಗೆ ಮುಖ ಮಾಡಿಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಿದ್ದರು.

ನನಗೆ ಶುರುವಿನಲ್ಲಿ ಕೋಪ ಬಂದಿತ್ತು, ಯಾಕೆ ಸುಳ್ಳು ಹೇಳಲಿ. ನನ್ನ ಕೈಗೇನು ಕುಷ್ಠವೇ ಅಂತ ಟೀಚರನ್ನೇ ಕೇಳಿದೆ. ಅವರು ಬೇಸರ ಮಾಡಲಿಲ್ಲ. ನಿನ್ನ ಕೈ ಹೊಲಸು ಅಂತಲ್ಲ, ನಮ್ಮ ಕೈ ಸೋಮಾರಿ ಆಗಬಾರದು ಅಂತ, ಅಂದರು. ಅದು ನಿಜವೋ ನನ್ನ ಸಮಾಧಾನಕ್ಕೆ ಹೇಳಿದ್ದೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಒಂದು ಹೇಳುತ್ತೇನೆ. ಇಷ್ಟು ವರ್ಷದಲ್ಲಿ ಆ ಹೆಂಗಸು ಒಂದು ದಿನವೂ ಅಡುಗೆಮನೆಗೆ ಇಣುಕಿ, ಯಾರು ಇಟ್ಟರು ಅಂತ ಪರೀಕ್ಷೆ ಮಾಡಲಿಲ್ಲ. ನಾನು ಬಡಿಸಿದೆ, ಅವರು ಉಂಡರು.

ಆಮೇಲೆ ಆ ಕಡೆ, ಯಹೂದಿಗಳ ದೇಶದಲ್ಲಿ, ಯುದ್ಧ ಶುರುವಾಯಿತು. ಇಲ್ಲಿ ನಮಗೆ ಯಾರೂ ಏನೂ ಮಾಡಲಿಲ್ಲ. ಪಕ್ಕದ ಅಂಗಡಿಯವರು ಮೊದಲಿನ ಹಾಗೆಯೇ ಖುಬ್ಜ್ ರೊಟ್ಟಿ ತಂದುಕೊಡುತ್ತಿದ್ದರು. ಆದರೆ ಹೆದರಿಕೆಗೆ ಕಾರಣ ಬೇಕೆಂದೇನಿಲ್ಲವಲ್ಲ. ಕಂಪನಿಗಳು ಒಬ್ಬೊಬ್ಬರನ್ನೇ ಬೇರೆ ಊರಿಗೆ ಹಾಕಿದವು. ಇಲ್ಲಿ ಶಾಲೆಯ ವಾರ ಭಾನುವಾರಕ್ಕೆ ಶುರು. ಒಂದು ಭಾನುವಾರ ಎರಡು ಮಕ್ಕಳು ಬರಲಿಲ್ಲ, ಇನ್ನೊಂದು ಭಾನುವಾರ ಅಣ್ಣತಂಗಿ ಮೂವರು. ನಾನು ದೊಡ್ಡ ಪಾತ್ರೆ ತೊಳೆದು ಮೇಲಿಟ್ಟೆ, ಮಧ್ಯದ್ದು ಇಳಿಸಿದೆ. ಆಮೇಲೆ ಅದನ್ನೂ ಮೇಲಿಟ್ಟೆ. ಕಡೆಗೆ ಉಳಿದದ್ದು ನವೋಮಿ ಒಬ್ಬಳು. ಒಂಬತ್ತು ವರ್ಷ, ಮುಂದಿನ ಹಲ್ಲು ದೊಡ್ಡದು, ಅಮೆರಿಕದವಳು. ಒಬ್ಬಳಿಗಾಗಿ ಬೆಲ್ಲು ಹೊಡೆಯುತ್ತಿದ್ದರು ಟೀಚರ್. ಅವಳೇ ಬೆಂಕಿ ಹಚ್ಚುವುದು, ಅವಳೇ ಪಾತ್ರೆ ಇಡುವುದು. ಜಗಳಾಡಲು ಜನ ಇಲ್ಲ, ಆಂಟಿ, ಇದು ಬೋರು, ಅಂತ ಒಮ್ಮೆ ನನಗೆ ಹೇಳಿದಳು.

ಅದೇ ಸಮಯಕ್ಕೆ ಟೀಚರ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಲೋಟ ಸಾಸರಿನ ಮೇಲೆ ಟಕಟಕ ಅಂದಿತು. ನಾನು ಸಲ್ಮಾನಿಯಾ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರರು ಕಾಯಿಲೆಯ ಹೆಸರು ಹೇಳಿದರು, ಮಾತ್ರೆ ಕೊಟ್ಟರು, ಇದು ಹಿಂದೆ ಹೋಗುವ ಕಾಯಿಲೆಯಲ್ಲ ಅಂದರು. ಒಂದು ಶುಕ್ರವಾರ ಸೂರ್ಯ ಮುಳುಗುವ ಗಳಿಗೆಯಲ್ಲಿ ನಾನು ಇಲ್ಲದಾಗ ಟೀಚರ್ ಸೂಪು ಇಳಿಸಲು ಹೋಗಿ ಮಣಿಕಟ್ಟು ಸುಟ್ಟುಕೊಂಡರು. ಅವರ ಶಬ್ಬಾತ್ ಅಂದರೆ ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವವರೆಗೆ ಬೆಂಕಿ ಮುಟ್ಟುವಂತಿಲ್ಲ, ಫೋನೂ ಮುಟ್ಟುವುದಿಲ್ಲ. ಯಾರನ್ನೂ ಕರೆಯದೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನಾನು ಶನಿವಾರ ಹೋದಾಗ ಕಂಡದ್ದು. ಜೀವಕ್ಕೆ ಅಪಾಯವಾದರೆ ಫೋನು ಮಾಡಬಹುದು, ಇದು ಬರೀ ಕೈ, ಅಂತ ವಾದ ಬೇರೆ.

ಈ ಸುದ್ದಿ ಲಂಡನ್ನಿಗೆ ಮುಟ್ಟಿತು. ಅಲ್ಲಿ ಅವರ ತಂಗಿಯ ಮಗ ಎಜ್ರಾ. ಅವನನ್ನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಚಿಕ್ಕಂದಿನಲ್ಲಿ ರಜೆಯೆಲ್ಲ ಇದೇ ಮನೆಯಲ್ಲಿ ಕಳೆದವನು, ಟೀಚರ ಹೊರತು ಅವನಿಗೆ ಹಿರಿಯರು ಅಂತ ಯಾರೂ ಇಲ್ಲ. ಮಡಿಮೈಲಿಗೆ ಮಾತ್ರ ಅವನಿಗೆ ಗೊತ್ತಿಲ್ಲ, ಎಲ್ಲಿ ಸಿಕ್ಕಿದ್ದನ್ನೂ ತಿನ್ನುತ್ತಾನೆ. ಟೀಚರನ್ನು ಕರೆದುಕೊಂಡು ಹೋಗಿ ಅಲ್ಲಿ ವಯಸ್ಸಾದವರ ಒಂದು ಒಳ್ಳೆಯ ಮನೆಯಲ್ಲಿ ಇಡುತ್ತೇನೆ ಅಂತ ಅವನ ಹಟ. ನನ್ನ ಅಪ್ಪ ಅಮ್ಮನ ಗೋರಿ ಇಲ್ಲಿದೆ, ನಮ್ಮ ಪದ್ಧತಿಯಂತೆ ಅದರ ಮೇಲೆ ಕಲ್ಲಿಡಲು ನಾನಲ್ಲದೆ ಯಾರಿದ್ದಾರೆ, ಸತ್ತರೆ ಅವರ ಪಕ್ಕ, ಅಂತ ಟೀಚರ ಹಟ. ಫೋನಿನಲ್ಲಿ ವಾರಗಟ್ಟಲೆ ಅರಬ್ಬಿಯಲ್ಲಿ ಕೂಗಾಡಿದರು. ಕೊನೆಗೆ ಎಜ್ರಾ ಒಂದು ಮಾತಿಗೆ ಬಂದ. ನವೋಮಿಯ ಕುಟುಂಬವೂ ಹೊರಡುವುದಿತ್ತು, ಭಾನುವಾರದ ವಿಮಾನ. ಅದರ ಹಿಂದಿನ ಶಬ್ಬಾತಿಗೆ ಟೀಚರ್ ಅವರನ್ನು ಊಟಕ್ಕೆ ಕರೆದಿದ್ದರು. ಎಜ್ರಾ ಅದಕ್ಕೆ ತಾನೂ ಬಂದ. ಗುರುವಾರ ಬಂದು ಇಳಿದವನು ಅಡುಗೆಮನೆಯಲ್ಲಿ ನನ್ನ ಎದುರೇ ಟೀಚರಿಗೆ ಹೇಳಿದ.

"ಶನಿವಾರ ಒಂದು ಊಟ, ಆಂಟಿ. ನಿಮ್ಮ ಅಡುಗೆಮನೆಯಿಂದ, ನಿಮ್ಮ ಪದ್ಧತಿಯಲ್ಲಿ. ಎಲ್ಲರಿಗೂ ಹಾಕಿಸಿ, ನೀವೂ ಉಣ್ಣಿ. ಅದು ಆಗ್ತದೆ ಅಂತ ನಾನು ಕಣ್ಣಾರೆ ಕಂಡ್ರೆ ಇನ್ನು ಬಾಯಿ ತೆಗೆಯುವುದಿಲ್ಲ."

"ಆಗದೆ ಇದ್ರೆ?"

"ನನ್ನೊಟ್ಟಿಗೆ ಬರ್ಬೇಕು."

ಟೀಚರ್ ನಡುಗುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡ ಹಾಗೆ ಶಾಲಿನಲ್ಲಿ ಸುತ್ತಿಕೊಂಡು, ಒಪ್ಪಿದೆ ಅಂದರು. ಅವರ ಮಾತು ಅಂದರೆ ಮಾತು.

ಶಬ್ಬಾತಿನ ಊಟಕ್ಕೆ ಅವರಲ್ಲಿ ತಬೀತ್ ಅಂತ ಒಂದು ಅಡುಗೆ. ಕೋಳಿಯ ಹೊಟ್ಟೆಯೊಳಗೆ ಅಕ್ಕಿ, ಮಸಾಲೆ ತುಂಬಿ, ಸುತ್ತ ಟೊಮೆಟೊ ಹಾಕಿದ ಅಕ್ಕಿ, ಮೇಲೆ ಚಿಪ್ಪು ಸಮೇತ ಮೊಟ್ಟೆ. ಶುಕ್ರವಾರ ಸೂರ್ಯ ಮುಳುಗುವ ಮೊದಲು ಸಣ್ಣ ಉರಿಯಲ್ಲಿ ಇಟ್ಟರೆ ಶನಿವಾರದ ಊಟದ ಹೊತ್ತಿಗೆ ಅಕ್ಕಿ ತಳ ಹಿಡಿದು ಕೆಂಪಾಗಿ, ಮೊಟ್ಟೆ ಕಂದು ಬಣ್ಣಕ್ಕೆ ಬಂದಿರುತ್ತದೆ. ಜೊತೆಗೆ ಅಂಬಾ ಅಂತ ಮಾವಿನಕಾಯಿ ಉಪ್ಪಿನಕಾಯಿ, ಅದನ್ನು ಹಾಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ತಬೀತಿಗೆ ಟೀಚರ ಅಮ್ಮನ ತಾಮ್ರದ ಪಾತ್ರೆ. ಕಲಾಯಿ ಹಾಕಿಸಿ ಹಾಕಿಸಿ ಒಳಗೆ ಬೆಳ್ಳಿಯ ಹಾಗೆ ಆಗಿತ್ತು. ಎರಡು ಬದಿಗೆ ಎರಡು ಹಿಡಿ. ತುಂಬಿದರೆ ನನಗೇ ಎತ್ತಲು ಕಷ್ಟ.

ಟೀಚರೂ ನವೋಮಿಯೂ ಒಂದೊಂದು ಹಿಡಿ ಹಿಡಿದು ಇಡುವುದು ಅಂತ ತೀರ್ಮಾನ. ಅದಕ್ಕೆ ವಾರವಿಡೀ ಇಬ್ಬರೂ ಅಭ್ಯಾಸ ಮಾಡಿದ್ದರು, ಪಾತ್ರೆಗೆ ನೀರು ತುಂಬಿಸಿ. ಕೊನೆಯ ವಾರದ ಪಾಠ ಅದೊಂದೇ. ನವೋಮಿ ಹೋದ ಮೇಲಿನ ದಿನಗಳಿಗೆ ಒಬ್ಬರಿಗಾಗುವ ಪುಟ್ಟ ಪಾತ್ರೆಯನ್ನೂ ನಾನು ತಂದಿಟ್ಟಿದ್ದೆ. ಎರಡೂ ಕೈಯಲ್ಲಿ ಹಿಡಿದು ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡರೆ ಟೀಚರಿಗೆ ಅದನ್ನು ಚೆಲ್ಲದೆ ಇಡಲು ಬರುತ್ತಿತ್ತು. ನಾನು ಕಂಡಿದ್ದೇನೆ. ಅವರು ಇಲ್ಲೇ ಇರಬಹುದಿತ್ತು, ಅಫೀಫಾ. ಅದು ಆಗದ ಮಾತಾಗಿರಲಿಲ್ಲ.

ಶುಕ್ರವಾರ ಎಲ್ಲ ತಯಾರು. ಶಬ್ಬಾತಿನಲ್ಲಿ ಕಾರು ಹತ್ತುವಂತಿಲ್ಲ, ಆದ್ದರಿಂದ ನವೋಮಿಯವರು ರಾತ್ರಿ ಕ್ಲಾಸಿನ ಕೋಣೆಯಲ್ಲೇ ಮಲಗುವುದು ಅಂತ ಇತ್ತು. ಅವರನ್ನು ಕರೆತರಲು ಹೋದ ಕೆನೆತ್ ಎಷ್ಟು ಹೊತ್ತಾದರೂ ಬರಲಿಲ್ಲ. ಎಲ್ಲೋ ರಸ್ತೆ ಬಂದ್ ಮಾಡಿದ್ದರಂತೆ. ಇತ್ತ ಟೀಚರ್ ಉದ್ದ ಲೈಟರಿನಿಂದ ತಾವೇ ಗ್ಯಾಸ್ ಹಚ್ಚಿದರು, ಉರಿ ಸಣ್ಣ ಮಾಡಿದರು. ಪಾತ್ರೆ ಪಕ್ಕದ ಕಟ್ಟೆಯ ಮೇಲೆ ಕಾದಿತ್ತು. ಅಷ್ಟರಲ್ಲಿ ಅವರ ಕೈ ತಗುಲಿ ಜಗ್ಗಿನ ನೀರೆಲ್ಲ ಮೈಮೇಲೆ ಬಿತ್ತು. ಹಬ್ಬದ ಬಟ್ಟೆ ಒದ್ದೆ. ಬಟ್ಟೆ ಬದಲಿಸಲು, ಗುಂಡಿ ಹಾಕಿಕೊಳ್ಳಲು ಅವರಿಂದ ಆಗುವುದಿಲ್ಲವಲ್ಲ, ನಾನು ಮೇಲೆ ಕರೆದುಕೊಂಡು ಹೋದೆ. ಎಜ್ರಾ ತಾರಸಿಯಲ್ಲಿ ಸಿಗರೇಟು ಸೇದುತ್ತಿದ್ದ.

ನಾವು ಮೇಲಿರುವಾಗ ವ್ಯಾನು ಬಂತು. ನವೋಮಿ ನೇರ ಮೆಟ್ಟಿಲು ಹತ್ತಿ ಓಡಿ ಬಂದಳು. ತಂದೆತಾಯಿ ಅವಳ ಹಿಂದೆಯೇ ಕ್ಲಾಸಿನ ಕೋಣೆಗೆ ಹೋದರು. ಕೊನೆಯ ಗುಂಡಿ ಹಾಕುವವರೆಗೆ ನವೋಮಿ ಟೀಚರ ಮುಂದೆ ನಿಂತು ಅದೂ ಇದೂ ಹೇಳಿದಳು. ಆಮೇಲೆ ಟೀಚರ್ ಕಿಟಕಿ ನೋಡಿ, ಹೊತ್ತು ಹೋಯಿತು, ನೀನು ಕೆಳಗೆ ನಡಿ, ನಾನು ಬರುತ್ತೇನೆ, ಪಾತ್ರೆ ಇಡುವ ಅಂದರು. ಅವಳು ಇಳಿದಳು, ಸ್ವಲ್ಪ ಹೊತ್ತಿನಲ್ಲಿ ವಾಪಸು ಹತ್ತಿ ಬಂದಳು. ಪಾತ್ರೆ ಒಲೆಯ ಮೇಲೆ ಇದೆ ಅಂದಳು. ಟೀಚರ ಮುಖ ಸಡಿಲವಾಯಿತು. ಹೊತ್ತಾಯಿತೆಂದು ಮಗು ತಂದೆಯ ಜೊತೆ ಸೇರಿ ಇಟ್ಟಿತು ಅಂತ ಅವರೂ ತಿಳಿದರು, ನಾನೂ ತಿಳಿದೆ. ಮಗು ಏನು ತಿಳಿದಿತ್ತು ಅನ್ನುವುದು ನನಗೆ ಮರುದಿನ ಗೊತ್ತಾದದ್ದು. ತಾನು ಬರುವ ಮೊದಲೇ ಟೀಚರ್ ಒಬ್ಬರೇ ಇಟ್ಟು, ಅದನ್ನು ಮರೆತು ತನ್ನನ್ನು ಕಳಿಸಿದರು ಅಂತ ಅವಳು ತಿಳಿದಿದ್ದಳು.

ಟೀಚರ್ ದೀಪ ಹಚ್ಚಿದರು. ಅವರ ಕೈ ಹಿಡಿದು ನವೋಮಿ ಹಚ್ಚಿಸಿದಳು. ನಾನು ಕೆನೆತ್‌ನ ವ್ಯಾನಿನಲ್ಲಿ ಸೆಗಯಾಕ್ಕೆ ಹೊರಟೆ. ಸೂರ್ಯ ಮುಳುಗಿ ಬಾಂಗ್ ಆಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವನು ಶಿಳ್ಳೆ ನಿಲ್ಲಿಸಿ ನನ್ನ ಕಡೆ ನೋಡಿದ.

"ಮಾವ್ಶಿ, ಇವತ್ತು ನಿಮ್ಮ ಮರ್ಯಾದೆ ಉಳಿಸಿದ್ದು ನಾನು. ಸೂರ್ಯ ಹೋಗ್ತಾ ಉಂಟು, ಪಾತ್ರೆ ನೋಡಿದ್ರೆ ಕಟ್ಟೆ ಮೇಲೆ. ಬ್ಯಾಗ್ ಒಳಗೆ ಇಡ್ಲಿಕ್ಕೆ ಬಂದವ ಎತ್ತಿ ಒಲೆ ಮೇಲೆ ಇಟ್ಟೆ. ಸೊಂಟ ಹಿಡ್ಕೊಂಡಿತು ಮಾರಾಯ್ತಿ."

ಅವನು ವ್ಯಾನು ಓಡಿಸಿದವನೇ ಹೊರತು ಅಡುಗೆಮನೆಯಲ್ಲಿ ನಿಂತವನಲ್ಲ. ಸೂರ್ಯನ ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು, ಪ್ರತಿ ಶುಕ್ರವಾರ ಆ ಕುಟುಂಬಗಳನ್ನು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸಬೇಕಿತ್ತಲ್ಲ. ಕೈಯ ನಿಯಮ ಗೊತ್ತಿರಲಿಲ್ಲ. ನಾನೇ ಹೇಳಿದೆ. ಸ್ಟೇರಿಂಗಿನ ಮೇಲೆ ಅವನ ಎರಡು ಕೈಯೂ ನಿಂತ ಹಾಗೆ ನಿಂತವು. ಹಿಂದಿನವರು ಹಾರ್ನ್ ಹೊಡೆದರು. ಮೊದಲೇ ಗೊತ್ತಾಗಿದ್ದರೆ ಟೀಚರ್ ಪಾತ್ರೆಯನ್ನು ಒಮ್ಮೆ ಎತ್ತಿ ಮತ್ತೆ ಇಟ್ಟಿದ್ದರೂ ಸಾಕಿತ್ತು, ಅಕ್ಕಿ ಇನ್ನೂ ಹಸಿ ಇತ್ತಲ್ಲ. ಈಗ ಕತ್ತಲಾಯಿತು. ಇನ್ನು ಆ ಪಾತ್ರೆಯನ್ನು ಎತ್ತಿ ಇಡುವಂತಿಲ್ಲ. ತಿರುಗಿ ಹೋಗಿ ಪ್ರಯೋಜನ ಇರಲಿಲ್ಲ.

ಮನೆಯ ಕೆಳಗೆ ವ್ಯಾನು ನಿಲ್ಲಿಸಿ ಅವನು ಹೇಳಿದ. "ಮಾವ್ಶಿ, ಹೇಳ್ಬೇಡಿ. ನೀವೂ ನಾನೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಹೇಳಿದ್ರೆ ಆ ಎಜ್ರಾ ಅವ್ರನ್ನು ಕರ್ಕೊಂಡು ಹೋಗ್ತಾನೆ. ಹೇಳದೆ ಇದ್ರೆ ಟೀಚರ್ ಇಲ್ಲೇ ಇರ್ತಾರೆ. ದೇವರಿಗೆ ಒಂದು ಪಾತ್ರೆ ದೊಡ್ಡದಾ?"

ಅವನು ನನ್ನ ಕೆಲಸದ ಆಸೆಗೆ ಹೇಳಿದ್ದಲ್ಲ. ಅವನಿಗೆ ಆ ಹೆಂಗಸಿನ ಮೇಲೆ ನನ್ನಷ್ಟೇ ಪ್ರೀತಿ ಇತ್ತು. ಅವನಿಗೆ ಇಂಗ್ಲಿಷ್ ಬರೆಯಲು ಕಲಿಸಿದ್ದು ಅವರೇ.

ಶನಿವಾರ ಬೆಳಿಗ್ಗೆ ನಾನು ನಡೆದೇ ಹೋದೆ. ದಾರಿಯುದ್ದಕ್ಕೂ ಬಾಯಿ ಮುಚ್ಚುವುದು ಅಂತಲೇ ಅಂದುಕೊಂಡಿದ್ದೆ. ಬಾಗಿಲಲ್ಲೇ ಎಜ್ರಾ ಸಿಕ್ಕಿದ. ಮುಖದಲ್ಲಿ ನಗು. ರಾತ್ರಿ ನವೋಮಿ ಅವನಿಗೆ ಹೇಳಿದ್ದಳಂತೆ, ಅಷ್ಟು ದೊಡ್ಡ ಪಾತ್ರೆಯನ್ನು ಟೀಚರ್ ಒಬ್ಬರೇ ಎತ್ತಿಟ್ಟರು ಅಂತ. ಟೀಚರ್ ಆಗ ಪ್ರಾರ್ಥನೆಯಲ್ಲಿದ್ದರು, ಅವರ ಕಿವಿಗೆ ಬಿದ್ದಿರಲಿಲ್ಲ. ಬಹುಶಃ ನಾನೇ ಹೆಚ್ಚು ಹೆದರಿದೆ, ಅಂತ ಎಜ್ರಾ ನನಗೆ ಹೇಳಿದ. ಬಹುಶಃ ಅವರು ಇಲ್ಲಿರುವುದೇ ಸರಿ. ನಾನು ಒಳಗೆ ಹೋಗಿ ತಟ್ಟೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಊಟದ ಹೊತ್ತಿಗೆ ಟೀಚರ್ ಅಡುಗೆಮನೆಗೆ ಬಂದರು. ಮನೆಯೆಲ್ಲ ಏಲಕ್ಕಿ, ಟೊಮೆಟೊ, ತಳ ಹಿಡಿದ ಅಕ್ಕಿಯ ಪರಿಮಳ. ಅವರು ಮುಚ್ಚಳದ ಹತ್ತಿರ ಮೂಗು ತಂದು, ನನ್ನ ಅಮ್ಮನದ್ದೇ ವಾಸನೆ, ಅಪೊಲಿನ್, ನೋಡು, ಅಂದರು. ನಮ್ಮಿಬ್ಬರ ಮಾತು ಹಿಂದಿ, ಇಂಗ್ಲಿಷ್, ಅರಬ್ಬಿ ಮೂರೂ ಕಲಸಿದ್ದು. ನಿನಗೆ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಅವರು ಒಂದು ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟರು. ಮೊದಲ ತಟ್ಟೆ ಯಾವತ್ತೂ ಅವರದು. ಬಡಿಸು ಅಂದರು. ಯಾರು ಇಟ್ಟರು ಅಂತ ಅವತ್ತೂ ಕೇಳಲಿಲ್ಲ.

ನನಗೆ ಸೌಟು ಎತ್ತಲು ಆಗಲಿಲ್ಲ.

"ಟೀಚರ್, ಆ ಪಾತ್ರೆ ಇಟ್ಟದ್ದು ನವೋಮಿ ಅಲ್ಲ."

"ಮತ್ತೆ ಯಾರು?"

"ಕೆನೆತ್. ಅವನಿಗೆ ಗೊತ್ತಿರ್ಲಿಲ್ಲ. ಹೊತ್ತು ಹೋಗ್ತದೆ ಅಂತ ಇಟ್ಟ."

ಅವರ ಕೈ ಮುಚ್ಚಳದ ಮೇಲಿತ್ತು. ಮುಚ್ಚಳ ಸಣ್ಣಗೆ ಗಲಗಲ ಅಂದಿತು. ಅವರು ಕೈ ತೆಗೆದರು, ಸದ್ದು ನಿಂತಿತು.

"ಒಬ್ಬನೇ ಎತ್ತಿದ್ನಾ?"

"ಹೌದು."

"ಪಾಪ. ಭಾರ ಉಂಟು ಅದು." ಬಾಗಿಲ ಕಡೆ ನೋಡಿ ಕೇಳಿದರು. "ಎಜ್ರಾ ಹೊರಗೆ ಕೂತಿದ್ದಾನೆ ಅಂತ ಗೊತ್ತುಂಟಲ್ಲ ನಿನಗೆ?"

"ಗೊತ್ತುಂಟು."

"ನೀನು ಹೇಳದೆ ಇರ್ಬಹುದಿತ್ತು."

"ಇರ್ಬಹುದಿತ್ತು."

ಅವರು ನನ್ನ ಕೈಯಿಂದ ತಮ್ಮ ತಟ್ಟೆ ವಾಪಸು ತೆಗೆದುಕೊಂಡರು. "ಯಲ್ಲಾ, ಹಬೀಬ್ತಿ, ಅವರಿಗೆಲ್ಲ ಬಡಿಸು. ಬೆಂಕಿ ನಾನು ಹಚ್ಚಿದ್ದು, ನವೋಮಿಯವರಿಗೆ ನಡೀತದೆ. ನನಗೆ ಬ್ರೆಡ್ ಸಾಕು."

ಎಜ್ರಾ ಹೊಟ್ಟೆ ತುಂಬ ಉಣ್ಣುವವನು. ಎರಡನೇ ಸಲ ಹಾಕಿಸಿಕೊಳ್ಳುವಾಗ ಟೀಚರ ತಟ್ಟೆ ಅವನ ಕಣ್ಣಿಗೆ ಬಿತ್ತು. ಬ್ರೆಡ್ಡು, ಅಂಬಾ, ಎರಡು ತುಂಡು ಸೌತೆಕಾಯಿ. ಯಾಕೆ ಅಂತ ಕೇಳಿದ. ಟೀಚರಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರು. ನವೋಮಿ ಚಮಚ ಕೆಳಗಿಟ್ಟಳು. ಆದರೆ ಇಟ್ಟದ್ದು ನೀವಲ್ಲವಾ, ಅಂತ ಎರಡು ಸಲ ಕೇಳಿದಳು. ಅವಳ ತಂದೆ ಒಳ್ಳೆಯ ಮನುಷ್ಯ, ಸಂಭಾಳಿಸಲು ನೋಡಿದ. ಕಷ್ಟಕಾಲದಲ್ಲಿ ನಿಮ್ಮ ಪಂಗಡದ ಗುರುಗಳೂ ಇದನ್ನು ಒಪ್ಪುತ್ತಾರಲ್ಲ ಅಂದ.

"ಕಷ್ಟ ಬಂದಾಗ ನೋಡುವ," ಅಂದರು ಟೀಚರ್. "ಈಗ ಬ್ರೆಡ್ ಉಂಟಲ್ಲ."

ಎಜ್ರಾ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಅವರೂ ಕೂಗುತ್ತಿದ್ದರು, ಏನಾದರೂ ಆಗುತ್ತಿತ್ತು. ಅವನು ಅವರ ಪಕ್ಕ ಬಂದು ಕೂತು, ಮೇಜಿನ ಮೇಲೆ ನಡುಗುತ್ತಿದ್ದ ಕೈಯನ್ನು ತನ್ನ ಕೈಯಿಂದ ಮುಚ್ಚಿದ.

"ನಿಮ್ಮ ಮನೆ, ನಿಮ್ಮ ಅಮ್ಮನ ಪಾತ್ರೆ. ಎಲ್ಲರೂ ಉಂಡೆವು, ನಿಮಗೆ ಮಾತ್ರ ಇಲ್ಲ. ಹೀಗೆ ನಿಮ್ಮನ್ನು ಬಿಟ್ಟು ನಾನು ಹೇಗೆ ಹೋಗ್ಲಿ, ಆಂಟಿ?"

ಟೀಚರ್ ವಾದ ಮಾಡಲಿಲ್ಲ. ಮಾತು ಕೊಟ್ಟಿದ್ದರಲ್ಲ. ಬ್ರೆಡ್ಡಿನ ತುಂಡನ್ನು ಅಂಬಾದಲ್ಲಿ ಅದ್ದಿ, ಬಾಯಿಗೆ ಒಯ್ಯುವಾಗ ಚೆಲ್ಲದ ಹಾಗೆ ತಲೆಯನ್ನೇ ತಟ್ಟೆಯ ಹತ್ತಿರ ತಂದು ತಿಂದರು. ಮುಗಿಸಿ, ಖಲಾಸ್, ಅಂದರು. ಅಷ್ಟೇ.

ಭಾನುವಾರ ನವೋಮಿಯವರು ಹೋದರು. ಕೆನೆತ್ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂತ, ಮೇಲೆ ಬರಲು ಒಪ್ಪಲಿಲ್ಲ. ಟೀಚರೇ ಗೋಡೆ ಹಿಡಿದುಕೊಂಡು ಇಳಿದು ಹೋಗಿ ಅವನ ತಲೆ ಸವರಿದರು. ಅವನು ಚಿಕ್ಕ ಮಗುವಿನ ಹಾಗೆ ಅತ್ತ. ಆ ವಾರ ನಾವು ಮನೆ ಖಾಲಿ ಮಾಡಿದೆವು. ಮಕ್ಕಳು ಹಿಟ್ಟಿನಲ್ಲಿ ಮಾಡಿದ ಅಕ್ಷರಗಳು ಒಂದು ಡಬ್ಬಿಯಲ್ಲಿ ಕಲ್ಲಿನ ಹಾಗೆ ಒಣಗಿ ಉಳಿದಿದ್ದವು. ಅವನ್ನು ಮಾತ್ರ ಟೀಚರ್ ಪೆಟ್ಟಿಗೆಗೆ ಹಾಕಿಕೊಂಡರು. ಗೋರಿಗಳಿಗೆ ಹೋಗಿ ಕಲ್ಲಿಟ್ಟು ಬಂದೆವು. ಆ ಕಲ್ಲುಗಳನ್ನು ಇನ್ನು ಮುಂದೆ ನಾನು ಇಡುತ್ತೇನೆ ಅಂತ ಹೇಳಿದೆ. ಅದಕ್ಕೆ ಕೈಯ ನಿಯಮ ಏನೂ ಇಲ್ಲವಂತೆ. ತಾಮ್ರದ ಪಾತ್ರೆ ನನಗೆ ಕೊಟ್ಟರು. ಲಂಡನ್ನಿನಲ್ಲಿ ಒಲೆ ಇಲ್ಲ, ಅಂದರು.

ನಿನ್ನ ಕೆನೆತ್ ಅಣ್ಣ ಈಗ ಬೇರೆ ಕಂಪನಿಯ ವ್ಯಾನು ಓಡಿಸುತ್ತಾನೆ. ನಾನು ಹೇಳಬಾರದಿತ್ತು ಅಂತ ಅವನಿಗೆ ಈಗಲೂ ಸಿಟ್ಟು. ಭಾನುವಾರ ಊಟಕ್ಕೆ ಬರುತ್ತಾನೆ, ತಿನ್ನುತ್ತಾನೆ, ಆ ಮಾತು ತೆಗೆಯುವುದಿಲ್ಲ, ಶಿಳ್ಳೆಯೂ ಇಲ್ಲ. ಅವನು ಹೇಳುವುದರಲ್ಲಿ ತಪ್ಪು ಅಂತ ತೋರಿಸಲು ನನ್ನ ಹತ್ತಿರವೂ ಏನಿಲ್ಲ. ಆ ತಟ್ಟೆ ನನ್ನ ಕೈಗೆ ಬಂದಾಗ ನನಗೆ ಬಡಿಸಲು ಆಗಲಿಲ್ಲ, ಅಷ್ಟು ಮಾತ್ರ ನಾನು ಬಲ್ಲೆ.

ಹೋದ ಮೇಲೆ ಕೆಲವು ತಿಂಗಳು ಟೀಚರ್ ಶುಕ್ರವಾರ ಮಧ್ಯಾಹ್ನ ಫೋನು ಮಾಡುತ್ತಿದ್ದರು. ಅಲ್ಲಿ ಎಲ್ಲ ನಿಯಮದ ಪ್ರಕಾರ ಇದೆಯಂತೆ. ಊಟ ಸೀಲು ಹಾಕಿದ ಟ್ರೇಯಲ್ಲಿ ಬರುತ್ತದೆ, ಮೇಲೆ ಗುರುಗಳ ಮುದ್ರೆ. ಯಾರು ಬೇಯಿಸಿದ್ದು ಅಂತ ಕೇಳಿದರೆ ನರ್ಸುಗಳಿಗೆ ಗೊತ್ತಿಲ್ಲ. ನೀನು ಇವತ್ತು ಏನು ಮಾಡುತ್ತೀ ಅಂತ ನನ್ನನ್ನು ಕೇಳುತ್ತಿದ್ದರು. ಒಮ್ಮೆ ಫೋನನ್ನು ಒಲೆಯ ಪಕ್ಕ ಇಡು ಅಂದರು. ನಾನು ತಾಮ್ರದ ಪಾತ್ರೆಯಲ್ಲಿ ಅಕ್ಕಿ ತೊಳೆದು ನೀರು ಹಾಕಿ ಇಟ್ಟಿದ್ದೆ. ಈಗ ಇಡು ಅಂದರು. ಇಟ್ಟೆ. ನೀರು ಕುದಿ ಬರುವವರೆಗೂ ಫೋನಿನಲ್ಲೇ ಇದ್ದರು, ಒಂದು ಮಾತಾಡದೆ. ಆಮೇಲಿಂದ ಪ್ರತಿ ಶುಕ್ರವಾರ ಅದೇ.

ಈಗ ಅವರಿಂದ ಫೋನು ಇಲ್ಲ. ಎಜ್ರಾ ಮೆಸೇಜು ಹಾಕುತ್ತಾನೆ, ಪಕ್ಕದ ಫ್ಲ್ಯಾಟಿನ ಹುಡುಗಿ ಓದಿ ಹೇಳುತ್ತಾಳೆ. ಕೈಯ ಕಾಯಿಲೆ ತಲೆಗೂ ಏರಿದೆಯಂತೆ. ಯಾವ ಊರಿನಲ್ಲಿದ್ದೇನೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಸಂಜೆಯಾದರೆ ಕಿಟಕಿಯ ಕಡೆ ನೋಡಿ, ಪಾತ್ರೆ ಇಟ್ಟಾಯಿತಾ ಅಂತ ಕೇಳುತ್ತಾರಂತೆ. ವಾರದ ಯಾವ ದಿನವಾದರೂ ಸರಿ. ಏನು ಹೇಳಲಿ ಅಂತ ಎಜ್ರಾ ನನ್ನನ್ನು ಕೇಳಿದ. ಇಟ್ಟಾಯಿತು ಅಂತ ಹೇಳು ಅಂದೆ. ಹೇಳುತ್ತಾನಂತೆ. ಅವರು ತಲೆ ಆಡಿಸಿ ಸುಮ್ಮನೆ ಮಲಗುತ್ತಾರಂತೆ. ಯಾರು ಇಟ್ಟರು ಅಂತ ಈಗಲೂ ಕೇಳುವುದಿಲ್ಲ. ಮೊದಲು ನಂಬಿಕೆ ಇದ್ದದ್ದಕ್ಕೆ ಕೇಳುತ್ತಿರಲಿಲ್ಲ. ಈಗ ಯಾರ ಕೈ ಅನ್ನುವುದೇ ಅವರಿಗೆ ನೆನಪಿಲ್ಲ.